ಗಲ್ಫ್‌ನಿಂದ ತಂದ ಇಡುಗಂಟು: ದಶಮಾಂಶ ಮೊದಲಾ, ಸಾಲ ಮೊದಲಾ?

ಶಿರ್ವದ ಮನೆಯಾಕೆ
ಎಲ್ಲರಿಗೂ ನಮಸ್ಕಾರ. ಇದನ್ನು ಊರಲ್ಲಿ ಕೇಳುವ ಹಾಗಿಲ್ಲ. ಬೆಳಿಗ್ಗೆ ಒಬ್ಬರ ಹತ್ತಿರ ಬಾಯಿಬಿಟ್ಟರೆ ಸಂಜೆಯೊಳಗೆ ಇಡೀ ವಾರ್ಡಿಗೆ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಮನೆಯವರು ದುಬೈ ಕೆಲಸ ಮುಗಿಸಿ ಊರಿಗೆ ಬಂದಿದ್ದಾರೆ. ಗ್ರಾಚ್ಯುಟಿ, ಉಳಿತಾಯ ಎಲ್ಲ ಸೇರಿ ಕೈಯಲ್ಲಿ ಸುಮಾರು 36 ಲಕ್ಷ ಇದೆ. ಇನ್ನು ಸಂಬಳ ಇಲ್ಲ, ಪಿಂಚಣಿಯೂ ಇಲ್ಲ. ಮನೆ ಸಾಲ 9 ಲಕ್ಷ ಬಾಕಿ ಇದೆ. ಮಗಳ ಮದುವೆ ಜನವರಿಯಲ್ಲಿ. ಮೈದುನ ಟೆಂಪೋ ತೆಗೆಯಲು ಸಾಲ ಮಾಡುತ್ತಿದ್ದಾನೆ. "ಅಣ್ಣ ಜಾಮೀನಿಗೆ ಒಂದು ಸೈನ್ ಹಾಕಿದರೆ ಸಾಕು" ಅಂತ ದಿನಾ ಸಂಜೆ ಬಂದು ಜಗಲಿಯಲ್ಲಿ ಕೂರುತ್ತಾನೆ. ಇಗರ್ಜಿಯ ಹೊಸ ಕಟ್ಟಡದ ಸಮಿತಿಯವರೂ ಒಂದು ಸಲ ಬಂದು ಹೋದರು.

ಇದರ ಮೇಲೆ ಇನ್ನೊಂದು. ಇವರು ದುಬೈಯಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದರು. ಅಲ್ಲಿಯ ಬ್ರದರ್ ಈಗ ವಾಟ್ಸಾಪ್‌ನಲ್ಲಿ ಬಿಡದೆ ಬರೆಯುತ್ತಿದ್ದಾರೆ. ಇಡುಗಂಟಿನ ದಶಮಾಂಶ, ಹತ್ತರಲ್ಲಿ ಒಂದು ಪಾಲು, ಅಂದರೆ 3 ಲಕ್ಷ 60 ಸಾವಿರ ದೇವರ ಕೆಲಸಕ್ಕೆ ಅಂತ ಎಲ್ಲಕ್ಕಿಂತ ಮೊದಲು ತೆಗೆದಿಡಬೇಕಂತೆ, ಬ್ಯಾಂಕಿನ ಸಾಲಕ್ಕಿಂತಲೂ ಮೊದಲು. ಇಲ್ಲದಿದ್ದರೆ ಉಳಿದದ್ದನ್ನೂ ಹುಳ ತಿನ್ನುತ್ತದೆ ಎಂದು ಬೈಬಲಿನ ಮಲಾಕಿಯ ಪುಸ್ತಕದ ವಚನ ಕಳಿಸಿದ್ದಾರೆ. ಕೂಟದ ಖಾತೆ ನಂಬರ್ ಕೆಳಗೇ ಇತ್ತು. ಇವರಿಗೆ ಅದು ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಕೊಡಬಾರದು ಅಂತ ನನ್ನ ಮಾತಲ್ಲ. ಆದರೆ ಇರುವುದು ಇಷ್ಟೇ. ಕ್ರೈಸ್ತರಾಗಿ ದುಡ್ಡನ್ನು ಸರಿಯಾಗಿ ನಡೆಸುವುದು ಹೇಗೆ? ಯಾವುದು ಮೊದಲು, ಯಾವುದು ಆಮೇಲೆ? ತಿಳಿದವರು ಹೇಳಿ.

ಗುಡ್ಡೆಮನೆ
ಖಾತೆ ನಂಬರ್ ವಚನದ ಜೊತೆಗೇ ಬಂತಾ? ಐಎಫ್‌ಎಸ್‌ಸಿ ಕೋಡ್ ಎಷ್ಟನೇ ಅಧ್ಯಾಯ ಮಾರಾಯ್ರೇ?

ವಿಶ್ವಾಸಿ77
ನಗುವ ವಿಷಯ ಅಲ್ಲ ಇದು. ಅಕ್ಕಾ, ನಿಮ್ಮ ಯಜಮಾನರು ಹೇಳುತ್ತಿರುವುದು ಸರಿ. ದಶಮಾಂಶ ಮೋಶೆಯ ಧರ್ಮಶಾಸ್ತ್ರಕ್ಕಿಂತ ಹಳೆಯದು. ಅಬ್ರಹಾಮ ಯಾಜಕನಾದ ಮೆಲ್ಕೀಚೆದೆಕನಿಗೆ ಕೊಟ್ಟ, ಆದಿಕಾಂಡ 14 ಓದಿ. ಯಾಕೋಬ ಬೇತೇಲಿನಲ್ಲಿ ಹರಕೆ ಹೊತ್ತ. "ಧರ್ಮಶಾಸ್ತ್ರ ಈಗ ನಮಗಿಲ್ಲ" ಅನ್ನುವ ನೆಪ ಅಲ್ಲಿ ನಡೆಯುವುದಿಲ್ಲ. ದೇವರಿಗೆ ಮೊದಲ ಪಾಲು ಕೊಡಬೇಕು, ಉಳಿದದ್ದಲ್ಲ. ಸಾಲ ತೀರಿಸಿ, ಮದುವೆ ಮುಗಿಸಿ, ಎಫ್‌ಡಿ ಇಟ್ಟು ಆಮೇಲೆ ಏನಾದರೂ ಉಳಿದರೆ ನೋಡೋಣ ಅಂದರೆ ಅದಕ್ಕೆ ಭಕ್ತಿ ಅನ್ನುವುದಿಲ್ಲ, ಚಿಲ್ಲರೆ ಅನ್ನುತ್ತಾರೆ. ಕೊಟ್ಟು ನೋಡಿ, ಆಶೀರ್ವಾದ ಬರುತ್ತದಾ ಇಲ್ಲವಾ ಅಂತ.

ಮೈಸೂರು ಮೇಷ್ಟ್ರು
ವಿಶ್ವಾಸಿಯವರೇ, ಆದಿಕಾಂಡ 14 ಅನ್ನು ಇನ್ನು ಮೂರು ವಚನ ಮುಂದಕ್ಕೆ ಓದಿ. ಅಬ್ರಹಾಮ ಕೊಟ್ಟದ್ದು ಯುದ್ಧದಲ್ಲಿ ಸಿಕ್ಕಿದ ಕೊಳ್ಳೆಯಲ್ಲಿ ಹತ್ತನೇ ಒಂದು. ಉಳಿದ ಒಂಬತ್ತು ಪಾಲು ಏನಾಯಿತು? ಒಂದು ದಾರ, ಒಂದು ಕೆರದ ಬಾರು ಸಹ ನನಗೆ ಬೇಡ ಅಂತ ಸೊದೋಮಿನ ಅರಸನ ಕಡೆಗೆ ತಳ್ಳಿಬಿಟ್ಟ. ಅಬ್ರಹಾಮನ ಲೆಕ್ಕವೇ ಬೇಕು ಅಂದರೆ ಈ ತಾಯಿ 36 ಲಕ್ಷದಲ್ಲಿ ಒಂದು ರೂಪಾಯಿ ಇಟ್ಟುಕೊಳ್ಳುವ ಹಾಗಿಲ್ಲ!

ಇನ್ನು ಮಲಾಕಿಯ. ಅಲ್ಲಿ ಹೇಳಿರುವ ಭಂಡಾರ ಧಾನ್ಯ ತುಂಬುವ ಉಗ್ರಾಣ. ನೆಹೆಮೀಯ 13 ನೋಡಿ: ಜನ ಧಾನ್ಯ, ದ್ರಾಕ್ಷಾರಸ, ಎಣ್ಣೆ ತರುವುದನ್ನು ನಿಲ್ಲಿಸಿದರು, ಆಲಯದ ಸೇವೆ ಮಾಡುವ ಲೇವಿಯರೂ ಹಾಡುವವರೂ ಹೊಟ್ಟೆಪಾಡಿಗೆ ಆಲಯ ಬಿಟ್ಟು ಹೊಲಕ್ಕೆ ಓಡಿದರು. ಆ ಹಿನ್ನೆಲೆಯಲ್ಲಿ ಬಂದ ಮಾತು ಅದು. ಧರ್ಮೋಪದೇಶಕಾಂಡ 14ರ ಕೊನೆಯಲ್ಲಿ ಮೂರನೇ ವರ್ಷದ ದಶಮಾಂಶ ಯಾರಿಗೆ ಅಂತ ಸ್ಪಷ್ಟವಾಗಿ ಇದೆ. ಲೇವಿ, ಪರದೇಶಿ, ತಂದೆಯಿಲ್ಲದವರು, ವಿಧವೆ. ಊರ ಬಾಗಿಲೊಳಗೆ ಬಂದು ಉಂಡು ತೃಪ್ತರಾಗಲಿ ಅಂತ. ದುಬೈಯ ಚಾಲ್ತಿ ಖಾತೆ ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಹೊಸ ಒಡಂಬಡಿಕೆಯಲ್ಲಿ ಪೌಲ ಕೊಡಿ ಅಂತ ಎರಡು ಅಧ್ಯಾಯ ಬರೆಯುತ್ತಾನೆ, 2 ಕೊರಿಂಥ 8 ಮತ್ತು 9. ಎಲ್ಲೂ ಶೇಕಡಾ ಹೇಳುವುದಿಲ್ಲ. ಇದ್ದದ್ದರಲ್ಲಿ ಕೊಡಿ, ಇಲ್ಲದ್ದರಲ್ಲಿ ಅಲ್ಲ. ಬೇರೆಯವರಿಗೆ ಸುಖವಾಗಲಿ ಅಂತ ನೀವು ಕಷ್ಟಕ್ಕೆ ಬೀಳಬೇಡಿ. ಇದು ಅವನ ಅಭಿಪ್ರಾಯ. ಬ್ಯಾಂಕಿನ 9 ಲಕ್ಷ ನಿಮ್ಮದಲ್ಲ ತಾಯಿ. ಅದರಲ್ಲಿ ದಶಮಾಂಶ ತೆಗೆದರೆ ಬ್ಯಾಂಕಿನ ದುಡ್ಡಲ್ಲಿ ಪುಣ್ಯ ಕಟ್ಟಿಕೊಂಡ ಹಾಗೆ.

ಕುವೈತ್ ನರ್ಸ್
ಮೇಷ್ಟ್ರೇ, ಓದಿದ್ದು ಸರಿ, ಆದರೆ ಒಂದು ವಿಷಯ ಬಿಟ್ಟಿರಿ. ಸಾಲ ತೀರಲಿ, ಆಮೇಲೆ ಕೊಡೋಣ ಅಂದವರು ಯಾವತ್ತೂ ಕೊಡುವುದಿಲ್ಲ. ಒಂದು ಸಾಲ ತೀರುವಾಗ ಇನ್ನೊಂದು ರೆಡಿ ಇರುತ್ತದೆ. ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ಸಾಲಗಾರರೇ. ಸಂಬಳ ಬಂದ ದಿನವೇ ಸ್ವಲ್ಪ ತೆಗೆದಿಡುವವರ ಕೈ ಮಾತ್ರ ಸಡಿಲ ಇರುತ್ತದೆ. ಉಳಿದವರಿಗೆ ವರ್ಷ ಕಳೆದ ಹಾಗೆ ಬಿಗಿಯಾಗುತ್ತಾ ಹೋಗುತ್ತದೆ.

ನಾನು ಶೇಕಡಾ 10 ತೆಗೆಯುತ್ತೇನೆ. ಆದರೆ ಒಂದೇ ಕಡೆ ಕೊಡುವುದಿಲ್ಲ. ಒಂದು ಪಾಲು ಊರಿನ ಇಗರ್ಜಿಗೆ. ಒಂದು ಪಾಲು ಚಿಕ್ಕಪ್ಪನ ಡಯಾಲಿಸಿಸ್‌ಗೆ. ಇಲ್ಲಿ ಯಾರಿಗಾದರೂ ಏಜೆಂಟ್ ಮೋಸ ಮಾಡಿ ಟಿಕೆಟಿಗೆ ದುಡ್ಡಿಲ್ಲದೆ ಕೂತಿದ್ದರೆ ಅವರಿಗೆ. ಇದು ದಶಮಾಂಶ ಹೌದಾ ಅಲ್ಲವಾ ಅಂತ ಯಾವ ಬ್ರದರ್ ಹತ್ತಿರವೂ ಕೇಳಿಲ್ಲ.

ವಿಶ್ವಾಸಿ77
ಚಿಕ್ಕಪ್ಪನಿಗೆ ಕೊಟ್ಟದ್ದು ಕುಟುಂಬದ ಖರ್ಚು, ಕಾಣಿಕೆ ಅಲ್ಲ.

ಕುವೈತ್ ನರ್ಸ್
ಮಾರ್ಕ 7 ಓದಿ. ತಂದೆತಾಯಿಗೆ ಕೊಡಬೇಕಾದ್ದನ್ನು "ಕೊರ್ಬಾನ್, ದೇವರಿಗೆ ಇಟ್ಟಾಯಿತು" ಅಂತ ಹೇಳಿ ತಪ್ಪಿಸಿಕೊಂಡವರಿಗೆ ಯೇಸು ಏನು ಹೇಳಿದ ಅಂತ. ಡಯಾಲಿಸಿಸ್ ನಿಲ್ಲಿಸಿ ಕೂಟಕ್ಕೆ ಕಳಿಸಲಾ ನಾನು?

ಬೆಂದೂರು ಪೊಣ್ಣು
ಅಕ್ಕ ಕಥೋಲಿಕರು ಅಲ್ವಾ? ನಮ್ಮಲ್ಲಿ ಶೇಕಡಾ 10 ಅಂತ ಕಟ್ಟುಪಾಡೇ ಇಲ್ಲ. ಶಕ್ತಿಗೆ ತಕ್ಕಂತೆ ಧರ್ಮಸಭೆಯ ಅಗತ್ಯಕ್ಕೆ ನೆರವಾಗಬೇಕು, ಅಷ್ಟೇ. ವರ್ಷದ ವಂತಿಗೆ ಕಟ್ಟಿ, ಕಟ್ಟಡಕ್ಕೆ ಮನಸ್ಸಿದ್ದಷ್ಟು ಕೊಡಿ, ಮುಗೀತು.

ಮಾಜಿ ಬ್ಯಾಂಕಿನವ
ನೀವೆಲ್ಲ ದಶಮಾಂಶ ಹಿಡಿದು ಜಗ್ಗಾಡುತ್ತಿದ್ದೀರಿ. ನನಗೆ ಈ ಪೋಸ್ಟಿನಲ್ಲಿ ಹೆದರಿಕೆ ಹುಟ್ಟಿಸಿದ್ದು 3 ಲಕ್ಷ 60 ಸಾವಿರ ಅಲ್ಲ, ಆ ಟೆಂಪೋದ ಜಾಮೀನು.

ಅಕ್ಕಾ, ಜಾಮೀನಿಗೆ ಸೈನ್ ಹಾಕುವುದು ಅಂದರೆ "ಇವನು ಒಳ್ಳೆಯವನು" ಅಂತ ಸರ್ಟಿಫಿಕೇಟ್ ಕೊಡುವುದಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಬ್ಯಾಂಕು ಮೊದಲು ಮೈದುನನನ್ನು ಹಿಡಿದು, ಟೆಂಪೋ ಮಾರಿ, ಆಮೇಲೆ ನಿಮ್ಮಲ್ಲಿಗೆ ಬರಬೇಕು ಅಂತ ಇಲ್ಲ. ನೇರ ನಿಮ್ಮಲ್ಲಿಗೇ ಬರಬಹುದು. ಅದೇ ಬ್ಯಾಂಕಿನಲ್ಲಿ ನಿಮ್ಮ ಎಫ್‌ಡಿ ಇದ್ದರೆ ಅದಕ್ಕೇ ಕೈ ಹಾಕುವ ಒಪ್ಪಿಗೆಯೂ ಸಾಮಾನ್ಯವಾಗಿ ಆ ಪತ್ರದಲ್ಲೇ ಇರುತ್ತದೆ. ಸಣ್ಣ ಅಕ್ಷರ, ಯಾರೂ ಓದುವುದಿಲ್ಲ. ಮೈದುನನ ಕಂತು ತಪ್ಪಿದರೆ ನಿಮ್ಮ ಯಜಮಾನರ ಸಿಬಿಲ್ ರಿಪೋರ್ಟ್‌ಗೂ ಪೆಟ್ಟು.

ನಾನು ಶಾಖೆಯಲ್ಲಿ ಸಾಲ ವಸೂಲಿ ನೋಡುತ್ತಿದ್ದೆ. ಒಬ್ಬರು ನಿವೃತ್ತ ಟೀಚರ್ ಬರುತ್ತಿದ್ದರು. ಪಾಸ್‌ಬುಕ್ಕನ್ನು ಪ್ರಾರ್ಥನೆ ಪುಸ್ತಕದ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟುಕೊಂಡಿದ್ದರು. ಸೋದರಳಿಯನ ಮೀನಿನ ವ್ಯಾಪಾರಕ್ಕೆ ಜಾಮೀನು ನಿಂತಿದ್ದರು. ಅವನು ಊರು ಬಿಟ್ಟ. ಇವರ ಠೇವಣಿ ಜಮೆ ಮಾಡಿಕೊಂಡ ನೋಟಿಸ್ ನಾನೇ ಕೈಗೆ ಕೊಟ್ಟೆ. ಅದನ್ನು ಮಡಚಿ ಅದೇ ಕವರಿಗೆ ತುರುಕಿ, "ನಾನು ಬರೀ ಸೈನ್ ಹಾಕಿದ್ದು ಮಗಾ" ಅಂದರು.

ಜ್ಞಾನೋಕ್ತಿ 6ರ ಮೊದಲ ಐದು ವಚನ ಇವತ್ತು ರಾತ್ರಿ ಊಟ ಆದ ಮೇಲೆ ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿ. ಜಾಮೀನು ನಿಂತಿದ್ದರೆ ನಿದ್ದೆ ಮಾಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ಹಾರಿದಂತೆ ಹಾರಿ ತಪ್ಪಿಸಿಕೋ ಅಂತ ಇದೆ. ಅಷ್ಟು ಗಾಬರಿಯಲ್ಲಿ ಬರೆದ ಬುದ್ಧಿಮಾತು ಆ ಪುಸ್ತಕದಲ್ಲಿ ಕಮ್ಮಿ.

ಶಿರ್ವದ ಮನೆಯಾಕೆ
ಓದಿ ಕೈಕಾಲು ತಣ್ಣಗಾಯಿತು. ಆದರೆ ಒಡಹುಟ್ಟಿದವನಿಗೆ ಇಲ್ಲ ಅನ್ನುವುದು ಹೇಗೆ? ಅತ್ತೆ ಇನ್ನೂ ಇದ್ದಾರೆ. "ಅಣ್ಣನ ಹತ್ತಿರ ಇಷ್ಟಿದ್ದೂ" ಅಂತ ಶುರುಮಾಡುತ್ತಾರೆ.

ಮಾಜಿ ಬ್ಯಾಂಕಿನವ
ಇಲ್ಲ ಅನ್ನಬೇಡಿ. ಡೌನ್ ಪೇಮೆಂಟಿಗೆ ಅಂತ ವಾಪಸ್ ಬಾರದಿದ್ದರೂ ಪರವಾಗಿಲ್ಲ ಅನ್ನುವಷ್ಟು ಕೊಟ್ಟುಬಿಡಿ. 50 ಸಾವಿರವೋ, ಲಕ್ಷವೋ. ಸಾಲ ಅಂತ ಹೇಳಬೇಡಿ, ಕೊಟ್ಟೆ ಅಂತ ಹೇಳಿ. ಹೋದರೆ ಅಷ್ಟೇ ಹೋಗುತ್ತದೆ. ಜಾಮೀನಿಗೆ ಟೆಂಪೋ ಕಂಪನಿಯ ಫೈನಾನ್ಸಿನವರು ವಾಹನವನ್ನೇ ಅಡವು ಇಟ್ಟುಕೊಳ್ಳುತ್ತಾರೆ, ಬಡ್ಡಿ ಸ್ವಲ್ಪ ಜಾಸ್ತಿ ಆಗುತ್ತದೆ ಅಷ್ಟೇ.

ಗುಡ್ಡೆಮನೆ
ಅತ್ತೆಯ ಸೈನ್ ಹಾಕಿಸಿ ಜಾಮೀನಿಗೆ. ಜಾಗ ಅವರ ಹೆಸರಲ್ಲೇ ಇರಬೇಕಲ್ವಾ?

ಹುಬ್ಳಿ ಅಣ್ಣ
ಅಕ್ಕಾರ, ಒಂದು ಮಾತು. 1 ತಿಮೊಥೆಯ 5:8 ಹಿಡಕೊಂಡು ಮೈದುನ ಬರಬಹುದು, ಸ್ವಂತ ಮನೆಯವರನ್ನ ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ. ಆದರೆ ಆ ವಚನ ಬರೋ ಭಾಗ ಗತಿಯಿಲ್ಲದ ವಿಧವೆಯರ ಬಗ್ಗೆ. ಟೆಂಪೋ ತಗೊಳ್ಳೋ ಗಟ್ಟಿಮುಟ್ಟಾದ ಗಂಡಸಿನ ಬಗ್ಗೆ ಅಲ್ಲರೀ.

ಕೋಡಿಂಗ್ ಕುಂದಾಪ್ರ
ಲೆಕ್ಕ ನೋಡುವ ಹಾಗಿದ್ದರೆ, ಸಾಲ ತೀರಿಸುವುದಕ್ಕಿಂತ 9 ಲಕ್ಷವನ್ನು ಇಂಡೆಕ್ಸ್ ಫಂಡಿಗೆ ಹಾಕುವುದು ಒಳ್ಳೆಯದು. ಮನೆ ಸಾಲದ ಬಡ್ಡಿಗಿಂತ ದೀರ್ಘಾವಧಿಯಲ್ಲಿ ಅಲ್ಲಿ ಜಾಸ್ತಿ ಬರುತ್ತದೆ. ಮಡದಿ ಮಕ್ಕಳು ಇರುವವರು ಹಣವನ್ನು ದುಡಿಯಲು ಬಿಡಬೇಕು.

ಮಾಜಿ ಬ್ಯಾಂಕಿನವ
ತಮ್ಮಾ, ನಿನ್ನ ಲೆಕ್ಕ ಮೂವತ್ತರ ಹುಡುಗನಿಗೆ. ಸಂಬಳ ನಿಂತವನಿಗೆ ಕಂತು ನಿಲ್ಲುವುದಿಲ್ಲ. ಫಂಡು ಬಿದ್ದ ತಿಂಗಳೂ ಕಂತು ಕಟ್ಟಬೇಕು. ಎಲ್ಲಿಂದ? ಬಿದ್ದ ಫಂಡನ್ನೇ ಮಾರಿ. ಸಾಲ ಮಾಡಿದವನು ಕೊಟ್ಟವನಿಗೆ ಆಳು ಅಂತ ಜ್ಞಾನೋಕ್ತಿ 22:7 ಸುಮ್ನೆ ಹೇಳಿಲ್ಲ.

ಅಕ್ಕಾ, ಫ್ಲೋಟಿಂಗ್ ಬಡ್ಡಿಯ ಮನೆ ಸಾಲ ಅವಧಿಗೆ ಮೊದಲು ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ತೀರಿಸಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಸಲ್ಲಬೇಕು. ಪತ್ರ ಕೈಗೆ ಬರುವ ತನಕ ಬಿಡಬೇಡಿ. ಯಜಮಾನರು ಈಗ ಊರಲ್ಲೇ ಇರುವುದರಿಂದ ಎನ್‌ಆರ್‌ಇ ಅಂದರೆ ಅನಿವಾಸಿಗಳ ಖಾತೆಯನ್ನು ಊರಲ್ಲಿರುವವರ ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ಹೇಳಲೇಬೇಕು. "ಇರಲಿ ಬಿಡಿ, ಬಡ್ಡಿಗೆ ತೆರಿಗೆ ಇಲ್ಲ" ಅಂತ ಹಾಗೇ ಇಟ್ಟವರು ಆಮೇಲೆ ನೋಟಿಸ್ ಹಿಡಿದು ಓಡಾಡುತ್ತಾರೆ. ಕೈಸರನದ್ದು ಕೈಸರನಿಗೆ.

ವಿಶ್ವಾಸಿ77
ಬಡ್ಡಿ ತಿನ್ನುವುದೇ ತಪ್ಪು ಅಂತ ವಿಮೋಚನಕಾಂಡ 22:25ರಲ್ಲಿ ಇದೆ. ಇಲ್ಲಿ ಎಲ್ಲರೂ ಎಫ್‌ಡಿ, ಫಂಡು ಅಂತ ಮಾತಾಡುತ್ತಿದ್ದೀರಿ.

ಮೈಸೂರು ಮೇಷ್ಟ್ರು
ಅಲ್ಲಿ ಇರುವುದು ಬಡವನಿಗೆ ಸಾಲ ಕೊಟ್ಟಾಗ ಬಡ್ಡಿ ಕೇಳಬೇಡ ಅಂತ. ಮತ್ತಾಯ 25ರಲ್ಲಿ ಹಣವನ್ನು ಮಣ್ಣಲ್ಲಿ ಹೂತಿಟ್ಟ ಆಳಿಗೆ ಯಜಮಾನ, "ಬಡ್ಡಿಗಾದರೂ ಕೊಡಬೇಕಿತ್ತು" ಅಂತಲೇ ಬೈಯುತ್ತಾನಲ್ಲ ಸ್ವಾಮಿ. ಕುಂದಾಪ್ರದ ಹುಡುಗನಿಗೂ ಒಂದು ವಚನ ಇದೆ. ಪ್ರಸಂಗಿ 11:2, ಏಳು ಪಾಲು ಮಾಡು, ಎಂಟಾದರೂ ಮಾಡು, ಭೂಮಿಗೆ ಏನು ಕೇಡು ಬರುತ್ತದೋ ಗೊತ್ತಿಲ್ಲ.

ಕೋಡಿಂಗ್ ಕುಂದಾಪ್ರ
ಸೂಪರ್. ಇದನ್ನು ನಮ್ಮ ಫಂಡ್ ಮ್ಯಾನೇಜರ್‌ಗೆ ಕಳಿಸುತ್ತೇನೆ. 😄

ಮಾಜಿ ಬ್ಯಾಂಕಿನವ
ಪಾಲು ಮಾಡುವಾಗ ಇದೂ ತಲೆಯಲ್ಲಿರಲಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನ ಠೇವಣಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದ ತನಕ ಮಾತ್ರ ವಿಮೆ. ಸಹಕಾರಿ ಬ್ಯಾಂಕುಗಳಿಗೂ ಅದು ಇದೆ. ಆದರೆ ಬ್ಯಾಂಕ್ ಅಲ್ಲದ ಬರೀ "ಕ್ರೆಡಿಟ್ ಸೊಸೈಟಿ", "ಸೌಹಾರ್ದ" ಸಂಘ ಆಗಿದ್ದರೆ ಆ ವಿಮೆ ಇಲ್ಲ. ಒಂದೂವರೆ ಪರ್ಸೆಂಟ್ ಜಾಸ್ತಿ ಬಡ್ಡಿ ಅಂತ ಇಡುಗಂಟು ಪೂರ್ತಿ ಅಲ್ಲಿ ಇಟ್ಟು, ಬಾಗಿಲು ಮುಚ್ಚಿದ ದಿನ ಮೆಟ್ಟಿಲ ಮೇಲೆ ಕೂತವರನ್ನು ಪೇಪರಿನಲ್ಲಿ ನೋಡಿದ್ದೀರಲ್ಲ. ಅಧ್ಯಕ್ಷರು ನಮ್ಮ ಇಗರ್ಜಿಯವರೇ ಅನ್ನುವುದು ವಿಮೆ ಅಲ್ಲ.

ಬೆಂದೂರು ಪೊಣ್ಣು
ಹಾಗಂತ ನಮ್ಮವರು ಕಟ್ಟಿದ್ದೆಲ್ಲ ಮುಳುಗಿದೆಯಾ? ಮಂಗಳೂರು ಕಥೋಲಿಕ್ ಸಹಕಾರಿ ಬ್ಯಾಂಕ್ 1912ರದ್ದು. ಬಡವರು ಸಾಹುಕಾರರ ಬಡ್ಡಿಗೆ ಸಿಕ್ಕಬಾರದು ಅಂತಲೇ ಆ ಕಾಲದಲ್ಲಿ ಇಂಥವು ಹುಟ್ಟಿದ್ದು.

ಬಲ್ಮಠ ರಸ್ತೆ
ಹುಟ್ಟಿದ್ದು ಅಂದಾಗ ನೆನಪಾಯಿತು. ದುಡ್ಡಿನ ಕ್ರೈಸ್ತ ದೃಷ್ಟಿ ಅಂದರೆ ಬರೀ ಕಾಣಿಕೆ ಅಂದುಕೊಂಡಿದ್ದೀರಿ ಎಲ್ಲರೂ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಸಭೆ ಸೇರಿದವರಿಗೆ ಹಳೆಯ ಕಸುಬು, ಜಾಗ, ನೆಂಟರು ಎಲ್ಲ ತಪ್ಪಿಹೋಯಿತು. ಮಿಶನ್ನಿನವರು ದಾನ ಹಂಚುತ್ತಾ ಕೂರಲಿಲ್ಲ. ಮಗ್ಗ ಹಾಕಿದರು, ಪ್ರೆಸ್ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿಯ ಜೇಡಿಮಣ್ಣು, ಮಾಡಿದ ಕೆಲಸಕ್ಕೆ ಕೂಲಿ, ಲಾಭ ಮತ್ತೆ ಮಿಶನ್ ಕೆಲಸಕ್ಕೆ. ನಮ್ಮ ಅಜ್ಜ ಹೆಂಚು ಒತ್ತಿ ಬೆಳೆಸಿದ ಸಂಸಾರ ನಮ್ಮದು. ಮೈದುನನ ಟೆಂಪೋವನ್ನು ಅಷ್ಟು ಹೀಗಳೆಯಬೇಡಿ. ದುಡಿಮೆಗೆ ದಾರಿ ಮಾಡಿಕೊಡುವುದೂ ಕೊಡುವುದೇ.

ಗುಡ್ಡೆಮನೆ
ಬಾಸೆಲ್ ಮಿಶನ್ ಯಾರಿಗೂ ಜಾಮೀನು ಸೈನ್ ಹಾಕಲಿಲ್ಲ ಅಲ್ವಾ?

ಹುಬ್ಳಿ ಅಣ್ಣ
ಕಾಣಿಕೆ ಅಂದರೆ ನಮ್ಮ ಸಭೆಯ ಬೆಳೆಹಬ್ಬದ ಏಲಂ ನೋಡಬೇಕರೀ. ಯಾರೋ ಬಡವಿ ತಂದಿಟ್ಟ ಒಂದು ಕುಂಬಳಕಾಯಿ. ಇಬ್ಬರು ಕಂಟ್ರ್ಯಾಕ್ಟರ್‌ಗಳು ಹಟಕ್ಕೆ ಬಿದ್ದು ಕೂಗಿದರು ಕೂಗಿದರು, ಸಾವಿರ ದಾಟಿತು. ಗೆದ್ದವನು ಕಾಯಿಯನ್ನ ಅಲ್ಲೇ ಬಿಟ್ಟು ಹೋದ, ಅವನಿಗೆ ಬೇಕಾಗಿದ್ದು ಮೈಕಿನಲ್ಲಿ ಹೆಸರು. ಸಭೆಗೆ ದುಡ್ಡು ಬಂತು, ಖರೆ. ಆ ಅಜ್ಜಿ ಮಾತ್ರ ತನ್ನ ಕಾಯಿಯನ್ನ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದು ಹುಳಿ ಮಾಡಿದಳಂತೆ. 😂

ಕುವೈತ್ ನರ್ಸ್
ನಮ್ಮ ಕಡೆ ಫ್ಯಾನಿನ ಮೇಲೂ ಹೆಸರು. ಪೂಜೆಯ ಹೊತ್ತಿಗೆ ಮೇಲೆ ನೋಡಿದರೆ ತಿರುಗುತ್ತಾ ಇರುತ್ತದೆ, ಓದಲೂ ಆಗುವುದಿಲ್ಲ.

ಬೆಂದೂರು ಪೊಣ್ಣು
ಹೆಸರಿಲ್ಲದೆ ಕೊಡುವವರೂ ಇದ್ದಾರಪ್ಪ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರನ್ನು ನೋಡಿ. 1833ರಲ್ಲಿ ಪ್ಯಾರಿಸ್‌ನ ಕಾಲೇಜು ಹುಡುಗರು ಶುರುಮಾಡಿದ್ದು, ಈಗ ನಮ್ಮ ಚರ್ಚುಗಳಲ್ಲೂ ಇದೆ. ಪ್ರತಿ ಸಭೆಯಲ್ಲಿ ಒಂದು ಚೀಲ ಸುತ್ತು ಬರುತ್ತದೆ. ಮುಷ್ಟಿ ಮುಚ್ಚಿಕೊಂಡು ಒಳಗೆ ಹಾಕಬೇಕು. ಹತ್ತು ಹಾಕಿದಿರೋ ಸಾವಿರ ಹಾಕಿದಿರೋ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಇಬ್ಬಿಬ್ಬರಾಗಿ ಮನೆಗಳಿಗೆ ಹೋಗಿ ಅಕ್ಕಿ ಇದೆಯಾ, ಔಷಧಿ ಇದೆಯಾ ಅಂತ ನೋಡಿ ಬರುತ್ತಾರೆ. ಅಕ್ಕ, ದಶಮಾಂಶ ಕೊಡಲೇಬೇಕು ಅಂತ ಯಜಮಾನರಿಗೆ ಮನಸ್ಸಿದ್ದರೆ ಅಲ್ಲಿ ಕೊಡಲಿ. ಯಾರ ಹೊಟ್ಟೆಗೆ ಹೋಯಿತು ಅಂತ ಗೊತ್ತಾಗುತ್ತದೆ.

ಮೇಸ್ತ್ರಿ ಮಗ
ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಮ್ಮಿ. ಒಂದು ಕೇಳಬೇಕು ಅನಿಸಿತು.

ಮಲಾಕಿಯ 3:10 ಎಲ್ಲರಿಗೂ ಬಾಯಿಪಾಠ. ಅದೇ ಅಧ್ಯಾಯದ ಐದನೇ ವಚನ ಯಾರಾದರೂ ಪ್ರಸಂಗದಲ್ಲಿ ಓದಿದ್ದು ಕೇಳಿದ್ದೀರಾ? ಅಲ್ಲಿ ದೇವರು ನ್ಯಾಯತೀರ್ಪಿಗೆ ಬರುತ್ತೇನೆ ಅನ್ನುವುದು ಮಾಟಗಾರರ ಮೇಲೆ, ವ್ಯಭಿಚಾರಿಗಳ ಮೇಲೆ, ಸುಳ್ಳು ಆಣೆ ಇಡುವವರ ಮೇಲೆ. ಅದೇ ಸಾಲಿನಲ್ಲಿ ಇನ್ನೊಬ್ಬರೂ ಇದ್ದಾರೆ, ಕೂಲಿಯವನ ಕೂಲಿಗೆ ಮೋಸ ಮಾಡುವವರು. ಹತ್ತನೇ ವಚನದ ಹತ್ತನೇ ಪಾಲು ಅದಾದ ಮೇಲೆ ಬರುತ್ತದೆ. ಯಾಕೋಬ 5:4 ಸಹ ನೋಡಿ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತದೆ ಅಂತ ಇದೆ.

ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಬಾಕಿ ಕೇಳಲು ಭಾನುವಾರ ಪೂಜೆ ಬಿಡುವ ಹೊತ್ತಿಗೆ ಇಗರ್ಜಿ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಲ್ಲುತ್ತಿದ್ದರು, ಮನೆಗೆ ಹೋದರೆ "ಇಲ್ಲ" ಅನ್ನಿಸುತ್ತಾರೆ ಅಂತ. ಒಳಗೆ ಕಟ್ಟಡ ನಿಧಿಗೆ ಕೊಟ್ಟವರ ಪಟ್ಟಿ ಓದುತ್ತಿರುತ್ತಿದ್ದರು. ಅಪ್ಪನಿಗೆ ಬಾಕಿ ಇಟ್ಟವರ ಹೆಸರು ಅದರಲ್ಲಿ ಮೇಲೆಯೇ ಇರುತ್ತಿತ್ತು. ಅಪ್ಪ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಅಕ್ಕ, ನೀವು ಬ್ಯಾಂಕಿನ ಸಾಲ ಹೇಳಿದಿರಿ. ಕೈಸಾಲ, ಅಂಗಡಿ ಬಾಕಿ, ಕೆಲಸದವರ ಬಾಕಿ ಏನಾದರೂ ಇದೆಯಾ?

ಶಿರ್ವದ ಮನೆಯಾಕೆ
ತಮ್ಮಾ, ಇದೆ. ಹೋದ ಬೇಸಿಗೆಯಲ್ಲಿ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದೆವು, ಹಿಂದಿನ ಕಂಪೌಂಡೂ ಕಟ್ಟಿಸಿದೆವು. ಮಳೆಗೆ ಗೇಟಿನ ಹತ್ತಿರ ನಾಲ್ಕು ಕಲ್ಲು ಕೂತುಹೋಯಿತು. ಇವರು ದುಬೈಯಿಂದಲೇ ಫೋನ್ ಮಾಡಿ, "ಸರಿ ಮಾಡುವ ತನಕ ಬಾಕಿ ಇಲ್ಲ" ಅಂದರು. 42 ಸಾವಿರ ಹಾಗೇ ನಿಂತಿದೆ. ಮೇಸ್ತ್ರಿ ಮೂರು ಸಲ ಬಂದ. ನಾನು "ಅವರು ಬರಲಿ" ಅಂತ ಹೇಳಿ ಚಾ ಕೊಟ್ಟು ಕಳಿಸಿದೆ.

ಮೇಸ್ತ್ರಿ ಮಗ
ನಾಲ್ಕು ಕಲ್ಲು ಎಬ್ಬಿಸಿ, ಕೆಳಗೆ ಜಲ್ಲಿಪುಡಿ ಹಾಕಿ ಮತ್ತೆ ಕೂರಿಸಲು ಅರ್ಧ ದಿನ ಸಾಕು. ಅದಕ್ಕೆ 42 ಸಾವಿರ ಹಿಡಿಯುವುದಾ? ಆ ಕೆಲಸಕ್ಕೆ ಬಂದ ಆಳುಗಳಿಗೆ ಮೇಸ್ತ್ರಿ ತನ್ನ ಕೈಯಿಂದ ಕೊಟ್ಟು ಆಗಿರುತ್ತದೆ, ಬಹುಶಃ ಬಡ್ಡಿಗೆ ತಂದು.

ಮೈಸೂರು ಮೇಷ್ಟ್ರು
ಇದಕ್ಕಿಂತ ಒಳ್ಳೆಯ ಪ್ರಸಂಗ ನಾನು ಈ ವರ್ಷ ಕೇಳಿಲ್ಲ. ಜ್ಞಾನೋಕ್ತಿ 3:28ರಲ್ಲಿ, ಕೊಡಬೇಕಾದ್ದು ಕೈಯಲ್ಲೇ ಇರುವಾಗ "ಹೋಗಿ ನಾಳೆ ಬಾ" ಅನ್ನಬೇಡ ಅಂತ ಇದೆ. 36 ಲಕ್ಷ ಇಟ್ಟುಕೊಂಡು ದಶಮಾಂಶದ ಬಗ್ಗೆ ರಾತ್ರಿ ನಿದ್ದೆ ಕೆಡಿಸಿಕೊಳ್ಳುವ ಮನುಷ್ಯನಿಗೆ ಈ 42 ಸಾವಿರ ಕಾಣಲಿಲ್ಲ ನೋಡಿ.

ವಿಶ್ವಾಸಿ77
ಕೂಲಿ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಮೊದಲು ಅದನ್ನು ಕೊಡಿ ಅಕ್ಕಾ. ಆದರೆ ಅದರ ನೆಪದಲ್ಲಿ ದಶಮಾಂಶ ಬಿಡಬೇಡಿ. ಮತ್ತಾಯ 23:23ರಲ್ಲಿ ಯೇಸು ನ್ಯಾಯ, ಕರುಣೆ, ನಂಬಿಗಸ್ತಿಕೆ ಮಾಡಬೇಕಾಗಿತ್ತು, ದಶಮಾಂಶವನ್ನೂ ಬಿಡಬಾರದಿತ್ತು ಅಂದಿದ್ದಾನೆ. ಎರಡೂ.

ಮೈಸೂರು ಮೇಷ್ಟ್ರು
ಇದನ್ನು ಒಪ್ಪುತ್ತೇನೆ. ನಮ್ಮ ಕಡೆ ಸಭೆ ಕಟ್ಟಿದ ವೆಸ್ಲಿಯನ್ ಮಿಶನ್‌ನ ಮೂಲಪುರುಷ ಜಾನ್ ವೆಸ್ಲಿ ಒಬ್ಬ ಯುವಕನ ಲೆಕ್ಕ ಹೇಳುತ್ತಿದ್ದರು, ಅದು ಅವರದೇ ಲೆಕ್ಕ ಅಂತ ಎಲ್ಲರೂ ತಿಳಿದದ್ದು. ಆಕ್ಸ್‌ಫರ್ಡ್‌ನಲ್ಲಿ ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ಆಮೇಲೆ 90, 120. ಬದುಕಿನ ಖರ್ಚು ಅದೇ 28. ಹತ್ತು ಪರ್ಸೆಂಟ್ ಕೊಟ್ಟು ತೊಂಬತ್ತು ನನ್ನ ಇಷ್ಟ ಅನ್ನುವುದು ಅವರ ಲೆಕ್ಕವೇ ಅಲ್ಲ. ಖರ್ಚು ಎಲ್ಲಿ ನಿಲ್ಲಿಸಿದೆ ಅನ್ನುವುದು ಅವರ ಪ್ರಶ್ನೆ.

ಹಾಗಾಗಿ ತಾಯಿ, ನೀವು ಬರೆದದ್ದರಲ್ಲಿ ಒಂದು ದೊಡ್ಡ ಖರ್ಚಿಗೆ ಮೊತ್ತ ಹಾಕಿಲ್ಲ. ಮದುವೆಗೆ ಎಷ್ಟು?

ಶಿರ್ವದ ಮನೆಯಾಕೆ
ಹಾಲ್, ಊಟ, ಚಿನ್ನ, ಮದುವೆಗೆ ಮೊದಲು ಕಾಯಿಹಾಲು ಹೊಯ್ಯುವ ರೋಸಿನ ದಿನದ ಖರ್ಚು ಎಲ್ಲ ಸೇರಿ 14 ಲಕ್ಷ ಆಗಬಹುದು ಅಂತ ಇವರು ಹೇಳುತ್ತಾರೆ. ಸಾವಿರ ಜನ.

ಗುಡ್ಡೆಮನೆ
ಅಬ್ಬಾ! ಹುಳ ಎಲ್ಲಿಂದ ಬರುತ್ತದೆ ಅಂತ ಈಗ ಗೊತ್ತಾಯಿತು.

ಬೆಂದೂರು ಪೊಣ್ಣು
ರೋಸ್ ಅಂದರೆ ಮೊದಲು ಮನೆ ಅಂಗಳದಲ್ಲಿ ಚಪ್ಪರ ಹಾಕಿ, ನೆರೆಯ ಹೆಂಗಸರು ಕಾಯಿ ತುರಿದು ಹಾಲು ಹಿಂಡಿ, ವೋವಿಯೊ ಹಾಡಿ ತಲೆಗೆ ಹೊಯ್ಯುತ್ತಿದ್ದರು. ಈಗ ಅದಕ್ಕೂ ಸ್ಟೇಜು, ಡಿಜೆ, ಒಂದೇ ಬಣ್ಣದ ಸೀರೆ, ಡ್ರೋನು. ಕಾಯಿಹಾಲಿಗೆ ಆಗುವ ಖರ್ಚು ಎಷ್ಟು, ಉಳಿದದ್ದು ಎಷ್ಟು?

ಬಲ್ಮಠ ರಸ್ತೆ
ಮಗಳ ಸಂತೋಷಕ್ಕೂ ವಚನ ಹಿಡಿಯಬೇಡಿ ಮಾರಾಯ್ರೇ. ಕಾನಾ ಊರಿನ ಮದುವೆಯಲ್ಲಿ ಯೇಸು ಬಜೆಟ್ ಕೇಳಲಿಲ್ಲ, ಆರು ಕಲ್ಲಿನ ಬಾನಿ ತುಂಬ ದ್ರಾಕ್ಷಾರಸ ಮಾಡಿಕೊಟ್ಟ. ಮದುವೆ ಕಡೆಯಲ್ಲಿ ಜಿಪುಣತನ ಕ್ರೈಸ್ತ ಗುಣ ಅಲ್ಲ.

ಕುವೈತ್ ನರ್ಸ್
ಸಾಲ ಮಾಡಿ ತರಲಿಲ್ಲ ಅಲ್ವಾ ಅವನು. ಲೂಕ 14:28ರಲ್ಲಿ ಅವನೇ ಹೇಳಿದ್ದು, ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ನೋಡದೆ ಶುರುಮಾಡಿದರೆ ನೋಡಿದವರು ನಗುತ್ತಾರೆ ಅಂತ. ಅಕ್ಕ, ಲೆಕ್ಕ ನಾನೇ ಹಾಕುತ್ತೇನೆ. 9 ಸಾಲ, 14 ಮದುವೆ, 3.6 ಕೂಟ, ಕಟ್ಟಡಕ್ಕೆ 1, ಮೈದುನನಿಗೆ 1 ಅಂದುಕೊಳ್ಳಿ. ಉಳಿಯುವುದು 7 ಲಕ್ಷ 40 ಸಾವಿರ, ಮೇಸ್ತ್ರಿಗೆ ಕೊಟ್ಟರೆ 6 ಲಕ್ಷ 98 ಸಾವಿರ. ಅದರಲ್ಲಿ ಇಬ್ಬರು ಸಾಯುವ ತನಕ ಬದುಕಬೇಕು. ಅತ್ತೆ ಬೇರೆ. ಕಾಯಿಲೆ ಬೇರೆ. ಮಗಳನ್ನು ಕೂರಿಸಿ ಈ ಲೆಕ್ಕ ತೋರಿಸಿ, ಅವಳೇ ಹೇಳಲಿ. ಈಗಿನ ಹುಡುಗಿಯರಿಗೆ ನಮಗಿಂತ ಬುದ್ಧಿ ಇರುತ್ತದೆ.

ಕೋರ್ಟ್ ಗುಡ್ಡೆ ವಕೀಲೆ
ತಡವಾಗಿ ಬಂದೆ. ಯಾರೂ ಕೇಳದ ವಿಷಯ ಒಂದು. ಯಜಮಾನರು ಉಯಿಲು ಬರೆದಿದ್ದಾರಾ? ಬರೆಯದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣು ಸಮ. ಮಕ್ಕಳಿದ್ದರೆ ತೀರಿಕೊಂಡವರ ತಾಯಿಗೆ ಏನೂ ಬರುವುದಿಲ್ಲ. ಅಂದರೆ ನಿಮ್ಮ ಅತ್ತೆಯನ್ನು ನೋಡಿಕೊಳ್ಳಲು ಏನಾದರೂ ಇಡಬೇಕು ಅಂದರೆ ಬರೆದೇ ಇಡಬೇಕು. ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇವೆ ಅಂದರೆ ಸಾಲದು. ನಾಮಿನಿ ದುಡ್ಡು ಪಡೆದು ವಾರಸುದಾರರಿಗೆ ಮುಟ್ಟಿಸುವವನು, ಮಾಲೀಕ ಅಲ್ಲ.

ಮತ್ತೆ, ದಾನ ಈಗಲೇ ಮಾಡಬೇಕು ಅಂತ ಇಲ್ಲ. ಉಯಿಲಿನಲ್ಲಿ ಇಗರ್ಜಿಗೋ ಅನಾಥಾಶ್ರಮಕ್ಕೋ ಪಾಲು ಇಡಬಹುದು. ಹಿಂದೆ ಕ್ರೈಸ್ತರಿಗೆ ಇದಕ್ಕೆ 118ನೇ ಕಲಮಿನ ಅಡ್ಡಿ ಇತ್ತು. ಹತ್ತಿರದ ಬಂಧು ಇದ್ದರೆ ಸಾಯುವುದಕ್ಕೆ ಕನಿಷ್ಠ 12 ತಿಂಗಳು ಮೊದಲು ಬರೆದಿರಬೇಕಿತ್ತು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು.

ಹುಬ್ಳಿ ಅಣ್ಣ
ವಕೀಲರೇ, ಉಯಿಲಿನ ಸಾಕ್ಷಿಗೆ ಮೈದುನ ಆಗಬಹುದಾ? 😀

ಕೋರ್ಟ್ ಗುಡ್ಡೆ ವಕೀಲೆ
ಅವರಿಗೆ ಉಯಿಲಿನಲ್ಲಿ ಏನೂ ಬರೆಯದಿದ್ದರೆ ಆಗಬಹುದು. ಸಾಕ್ಷಿಗೇ ಬರೆದ ಪಾಲು ಬಿದ್ದುಹೋಗುತ್ತದೆ. ಜಾಮೀನಿಗಿಂತ ಇದು ಕ್ಷೇಮ.

ನಿರ್ವಾಹಕ
ಇಲ್ಲಿಗೆ ತಮ್ಮ ಸಭೆಯ ಖಾತೆ ನಂಬರ್ ಹಾಕಿದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಕಥೋಲಿಕ, ಪ್ರೊಟೆಸ್ಟೆಂಟ್ ಅಂತ ಜಗಳಕ್ಕೆ ಇಳಿದ ಒಂದನ್ನೂ ತೆಗೆದೆ. ಚರ್ಚೆ ಚೆನ್ನಾಗಿದೆ, ಮುಂದುವರಿಸಿ.

ಶಿರ್ವದ ಮನೆಯಾಕೆ
ಎಲ್ಲರಿಗೂ ತುಂಬ ಉಪಕಾರ. ಇವರಿಗೆ ಮೊಬೈಲಿನಲ್ಲಿ ಎಲ್ಲ ಓದಿ ಹೇಳಿದೆ. ಟೀಚರ್ ಕತೆಗೆ ಸುಮ್ಮನಾದರು. ಮೇಸ್ತ್ರಿ ಮಗನ ಮಾತಿಗೆ ಎದ್ದು ಹೊರಗೆ ಹೋದರು, ಬೇಜಾರಾಯಿತೋ ಏನೋ ಅಂದುಕೊಂಡೆ. ಮರುದಿನ ಬೆಳಿಗ್ಗೆ ಮೇಸ್ತ್ರಿಯನ್ನು ಅವರೇ ಕರೆಸಿದರು. 42 ಸಾವಿರ ಕೊಟ್ಟರು. ಅವನು ಎಣಿಸಲೂ ಇಲ್ಲ, ಅಂಗಿಯೊಳಗೆ ಇಟ್ಟುಕೊಂಡು, ಆ ನಾಲ್ಕು ಕಲ್ಲು ಎಲ್ಲಿ ಅಂತ ಕೇಳಿದ. ಹನ್ನೊಂದು ಗಂಟೆಯೊಳಗೆ ಸರಿಮಾಡಿ ಹೋದ.

ಜಾಮೀನು ಇಲ್ಲ ಅಂತ ಹೇಳಿದ್ದಾರೆ, ಬದಲಿಗೆ 75 ಸಾವಿರ ಕೊಟ್ಟಿದ್ದಾರೆ. ಮೈದುನ ದುಡ್ಡು ತೆಗೆದುಕೊಂಡ, ಆದರೆ ಜಗಲಿಗೆ ಬರುವುದು ನಿಲ್ಲಿಸಿದ್ದಾನೆ. ಅತ್ತೆ ಮಾತು ಬಿಟ್ಟಿದ್ದಾರೆ. ದಶಮಾಂಶದ ವಿಷಯದಲ್ಲಿ ಇವರು ಇನ್ನೂ ಹತ್ತು ಪರ್ಸೆಂಟೇ ಅನ್ನುತ್ತಿದ್ದಾರೆ, ಸಾಲ ಕಳೆದು ಉಳಿದದ್ದಕ್ಕೆ ಮಾತ್ರ, ವರ್ಷ ವರ್ಷ ಸ್ವಲ್ಪ ಸ್ವಲ್ಪ, ಊರಲ್ಲೇ. ಬ್ರದರ್‌ಗೆ ಅದನ್ನು ಬರೆದರು. ಅಲ್ಲಿಂದ ಅನನೀಯ ಸಫೈರರ ಕತೆ ಬಂದಿದೆ.

ಮೈಸೂರು ಮೇಷ್ಟ್ರು
ಅನನೀಯ ಸತ್ತದ್ದು ಕಡಿಮೆ ಕೊಟ್ಟದ್ದಕ್ಕಲ್ಲ, ಪೂರ್ತಿ ಕೊಟ್ಟೆ ಅಂತ ಸುಳ್ಳು ಹೇಳಿದ್ದಕ್ಕೆ. ಮಾರಿದ ಮೇಲೂ ಅದು ನಿನ್ನ ಕೈಯಲ್ಲೇ ಇತ್ತಲ್ಲ ಅಂತ ಪೇತ್ರನೇ ಹೇಳುತ್ತಾನೆ. ಅದನ್ನು ವಾಪಸ್ ಕಳಿಸಿ.

ವಿಶ್ವಾಸಿ77
ಅಕ್ಕಾ, ಊರಲ್ಲೇ ಕೊಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ವರ್ಷ ವರ್ಷ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಮರೆಯುತ್ತೀರಿ.

ಬೆಂದೂರು ಪೊಣ್ಣು
ಮದುವೆ ಏನಾಯಿತು?

ಶಿರ್ವದ ಮನೆಯಾಕೆ
ಮಗಳು ಲೆಕ್ಕ ನೋಡಿ ರೋಸ್ ಮನೆಯಂಗಳದಲ್ಲೇ ಸಾಕು ಅಂದಳು. ಡಿಜೆ ಬೇಡ. ಊಟಕ್ಕೆ ಆರುನೂರು ಜನ ಅಂತ ನಾನು, ಎಂಟುನೂರು ಅಂತ ಇವರು. ಹಾಲಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಸಾವಿರ ಜನರ ಲೆಕ್ಕದಲ್ಲಿ. ಸಣ್ಣ ಹಾಲಿಗೆ ಬದಲಾಯಿಸಿದರೆ ಅದು ವಾಪಸ್ ಸಿಗುತ್ತದಾ, ಯಾರಿಗಾದರೂ ಗೊತ್ತಾ?

ಕೋರ್ಟ್ ಗುಡ್ಡೆ ವಕೀಲೆ
ರಸೀದಿಯ ಹಿಂಬದಿ ಏನು ಬರೆದಿದೆ ನೋಡಿ ಮೊದಲು. ಹಿಂದಿರುಗಿಸುವುದಿಲ್ಲ ಅಂತ ಇದ್ದರೂ ಜನವರಿಗೆ ಇನ್ನೂ ಸಮಯ ಇದೆ, ಆ ತಾರೀಖಿಗೆ ಬೇರೆಯವರು ಸಿಕ್ಕರೆ ಮ್ಯಾನೇಜರ್ ಒಪ್ಪುತ್ತಾರೆ. ಫೋನಿನಲ್ಲಿ ಕೇಳಬೇಡಿ, ಹೋಗಿ ಕೇಳಿ.

ಗುಡ್ಡೆಮನೆ
ಎಂಟುನೂರು ಜನರಲ್ಲಿ ನಮ್ಮ ಹೆಸರು ಇದೆಯಾ ಅಕ್ಕಾ?